ಗಂಟು ಹಾಕಿಕೊಂಡು ಕಡಲಿಗಿಳಿದದ್ದು

ಬೆಳಿಗ್ಗೆ ಕೊಚ್ಚಿಯ ಹಳೆಯ ಕೋಟೆ ಪ್ರದೇಶ ಸುತ್ತಿದೆವು. ಮೆಣಸಿನ ಗೋದಾಮುಗಳ ಬೀದಿಯಲ್ಲಿ ದೊಡ್ಡಪ್ಪ ಅಂಗಡಿ ಅಂಗಡಿಯಲ್ಲೂ ಕಾಳು ಕಚ್ಚಿ, "ಅರಕಲಗೂಡಿಂದೇ ವಾಸಿ ಕಣ" ಎಂದು ಉಗಿಯುತ್ತಿದ್ದರು. ಆಮೇಲೆ ದೋಣಿ ಹತ್ತಿ ವೈಪಿನ್ ದ್ವೀಪಕ್ಕೆ ಬಂದು, ಆಟೋದಲ್ಲಿ ಕಡಲ ತೀರಕ್ಕೆ ಹೋದೆವು. ದೊಡ್ಡಪ್ಪ, ಅವರ ತಮ್ಮನಾದ ನನ್ನ ಚಿಕ್ಕಪ್ಪ, ಚಿಕ್ಕಮ್ಮ, ನಾನು.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ದಂಪತಿಗಳು ಪುಣ್ಯಸ್ನಾನಕ್ಕೆ ಹೊಳೆಗಿಳಿದರೆ, ಹೆಂಡತಿಯ ಸೆರಗನ್ನು ಗಂಡನ ಶಲ್ಯಕ್ಕೆ ಗಂಟು ಹಾಕುತ್ತಾರೆ. ಪೂರ್ವಕ್ಕೆ ಮುಖ ಮಾಡಿ ಮೂರು ಸಲ ಮುಳುಗುವವರೆಗೆ ಅದನ್ನು ಬಿಚ್ಚುವಂತಿಲ್ಲ. ಮೊದಲ ಸಮುದ್ರಸ್ನಾನವೂ ಹಾಗೇ ಆಗಬೇಕೆಂದು ದೊಡ್ಡಪ್ಪ ಹಠ ಹಿಡಿದರು. ಶಲ್ಯವನ್ನು ತಮ್ಮನ ಸೊಂಟಕ್ಕೆ ಬಿಗಿದು, ತಾವೇ ಗಂಟು ಹಾಕಿದರು.

"ಅಣ್ಣ, ಎಮ್ಮೆ ಕಟ್ಟಿದಂಗೆ ಕಟ್ಟಿದ್ದೀಯಲ್ಲ!"

"ಬಿಗಿಯಾಗೇ ಇರ್ಲಿ ಕಣ್ಲಾ. ನೀರಲ್ಲಿ ಬಿಚ್ಕಂಡ್ರೆ ಒಳ್ಳೇದಲ್ಲ."

"ನಾನೆಲ್ಲೂ ಓಡೋಗಲ್ಲ ಬುಡಿ ಭಾವ" ಎಂದು ಚಿಕ್ಕಮ್ಮ ನಕ್ಕರು.

ಹೇಮಾವತಿಯ ನೀರು ಒಂದೇ ಕಡೆಗೆ ಎಳೆಯುತ್ತದೆ. ಇಲ್ಲಿ ಪೂರ್ವಕ್ಕೆ ಮುಖ ಮಾಡಿದರೆ ಅಲೆಗೆ ಬೆನ್ನು. ನಮಗ್ಯಾರಿಗೂ ಅದು ಹೊಳೆಯಲಿಲ್ಲ.

ಎರಡನೇ ಮುಳುಗಿನಲ್ಲಿ ಅಲೆ ಇಬ್ಬರನ್ನೂ ಉರುಳಿಸಿತು. ಚಿಕ್ಕಪ್ಪ ಎದ್ದರು. ಚಿಕ್ಕಮ್ಮ ಏಳಲಿಲ್ಲ. ಸೆರಗು ಅವರ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹಿಂದೆ ಸರಿಯುವ ನೀರು ಅವರನ್ನು ಒಳಕ್ಕೆ ಎಳೆಯುತ್ತಿತ್ತು. ಚಿಕ್ಕಪ್ಪ ಶಲ್ಯ ಹಿಡಿದು ದಡಕ್ಕೆ ಜಗ್ಗುತ್ತಿದ್ದರು. ಜಗ್ಗಿದಷ್ಟೂ ಸೆರಗು ಬಿಗಿಯುತ್ತಿತ್ತು. ದಡದಲ್ಲಿದ್ದ ನನಗೆ ಅದು ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ. "ಎಳೀಬ್ಯಾಡಿ" ಎಂದು ಕೂಗಿದೆ. ಅಲೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಬಲೆ ಸರಿಮಾಡುತ್ತಿದ್ದ ಮೀನುಗಾರನೊಬ್ಬ ಚಾಕು ಹಿಡಿದೇ ನೀರಿಗೆ ಓಡಿದ. ಚಿಕ್ಕಮ್ಮನ ಕೂದಲು ಹಿಡಿದು ಮುಖವನ್ನು ಮೇಲೆತ್ತಿ, ಸೆರಗನ್ನು ಗಂಟಿನ ಬುಡದಲ್ಲೇ ಕುಯ್ದ. ಅವರನ್ನು ಮರಳಿಗೆ ಎಳೆದು ತಂದು, ಮಗ್ಗುಲಿಗೆ ಹೊರಳಿಸಿ, ಕುತ್ತಿಗೆಯ ಸುತ್ತು ಬಿಡಿಸತೊಡಗಿದ. ಚಿಕ್ಕಮ್ಮನ ತುಟಿ ನೀಲಿಯಾಗಿತ್ತು.

ದೊಡ್ಡಪ್ಪನಿಗೆ ಕಂಡದ್ದು ಕುಯ್ದ ಸೆರಗು ಮಾತ್ರ. "ಗಂಟು ಕುಯ್ದ್ಬುಟ್ನಲ್ಲೋ! ಮನೆ ಆಳ್ಮಾಡ್ಬುಟ್ನಲ್ಲೋ!" ಎನ್ನುತ್ತ ಕೈಯಲ್ಲಿದ್ದ ಕೊಡೆಯಿಂದ ಆತನ ತಲೆಗೆ ಬಾರಿಸಿದರು. ಕೊಡೆ ಮುರಿಯಿತು. ಮುರಿದ ತುಂಡಿನಿಂದ ಮತ್ತೆ ಮುಖಕ್ಕೆ ಹೊಡೆದರು. ಆತನ ಕಿವಿ ಹರಿದು ರಕ್ತ ಚಿಕ್ಕಮ್ಮನ ರವಿಕೆಯ ಮೇಲೆ ತೊಟ್ಟಿಕ್ಕಿತು. ಆತ ಕೈ ಎತ್ತಲಿಲ್ಲ. ಎರಡೂ ಕೈ ಚಿಕ್ಕಮ್ಮನ ಕೊರಳಲ್ಲಿದ್ದವು. ನಾನು ದೊಡ್ಡಪ್ಪನ ಸೊಂಟ ಹಿಡಿದೆ. ಮೊಣಕೈಯಿಂದ ತಿವಿದು ನನ್ನನ್ನು ಬೀಳಿಸಿದರು. ಚಿಕ್ಕಪ್ಪ ನೀರಿನಿಂದ ಬಂದವರೇ ಅಣ್ಣನ ಕೆನ್ನೆಗೆ ಹೊಡೆದರು. ಅಣ್ಣನಿಗೆ ಎದುರು ಮಾತಾಡಿದ್ದನ್ನೂ ನಾನು ಅದುವರೆಗೆ ಕಂಡಿರಲಿಲ್ಲ. ಅಣ್ಣ ಬಿದ್ದ ಮೇಲೂ ಇನ್ನೊಂದು ಏಟು ಹೊಡೆದರು.

ಅಷ್ಟರಲ್ಲಿ ಚಿಕ್ಕಮ್ಮ ನೀರು ಕಾರಿಕೊಂಡರು. ಕೆಮ್ಮಿದರು. ಕೊರಳ ಸುತ್ತ ಕೆಂಪು ಬರೆ ಎದ್ದಿತ್ತು. ಮುರಿದ ಕೊಡೆಯನ್ನೂ ಆತನ ಕಿವಿಯನ್ನೂ ನೋಡಿದರು.

"ಭಾವ," ಎಂದರು. ದನಿ ಸರಿಯಾಗಿ ಹೊರಡುತ್ತಿರಲಿಲ್ಲ. "ಅವ್ರ ಕಾಲಿಗ್ ಬೀಳಿ."

ದೊಡ್ಡಪ್ಪ ಎದ್ದರು, ಪಂಚೆಯ ಮರಳು ಕೊಡವಿದರು, ಯಾರನ್ನೂ ನೋಡದೆ ರಸ್ತೆಯ ಕಡೆಗೆ ನಡೆದರು.

ಚಿಕ್ಕಮ್ಮ ಏಳಲು ಹೋದರು. ಕಾಲು ನಿಲ್ಲಲಿಲ್ಲ. ಚಿಕ್ಕಪ್ಪ ನೀಡಿದ ಕೈಯನ್ನು ಸರಿಸಿ, ಮರಳಿಗೆ ಅಂಗೈ ಊರಿ, ಮೀನುಗಾರನ ಕಾಲಿನ ಕಡೆಗೆ ತೆವಳತೊಡಗಿದರು.