ಮತ್ತಿಸರದ ಗಾಡಿ ರಸ್ತೆ

ನಮ್ಮ ಹಿನ್ನೀರಿನ ನಡುಗಡ್ಡೆಗಳ ಮಧ್ಯೆ ದೋಣಿ ಹೋಗುವ ದಾರಿಯನ್ನು ಹುಡುಕಿದವನು ನಾನಲ್ಲ. ಒಂಬತ್ತು ವರ್ಷಗಳಿಂದ ನಾನೇ ಎಂದು ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ನರಸಿಂಹರಾಜಪುರದ ದಡದಲ್ಲಿ ‘ಕಿಟ್ಟಪ್ಪನ ರೂಟ್’ ಎಂದು ಬರೆದ ಹಸಿರು ಬೋರ್ಡು ನಿಂತಿತ್ತಲ್ಲ, ಅದರ ಮೇಲಿದ್ದ ಹೆಸರು ತಪ್ಪು — ಬರೆಸುವಾಗ ಪೇಂಟರನ ಪಕ್ಕದಲ್ಲಿ ನಿಂತು ಒತ್ತಕ್ಷರ ತಿದ್ದಿಸಿದವನೂ ನಾನೇ.

ನಾನು ಕೊಪ್ಪದಲ್ಲಿ ಟಿಲ್ಲರು, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದವನು. ಈಜು ಬಾರದು. ಇಂದಿಗೂ ಬಾರದು — ದೋಣಿ ಹತ್ತುವವರಿಗೆ ದಯವಿಟ್ಟು ಇದನ್ನು ಹೇಳಬೇಡಿ. ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸಲು ನಾವು ನಾಲ್ವರು ಸೇರಿ ದೋಣಿ ತಂದಾಗ, ಎಂಜಿನ್ ಗೊತ್ತಿದ್ದವನು ನಾನೊಬ್ಬನೇ ಎಂದು ಚುಕ್ಕಾಣಿ ನನ್ನ ಕೈಗೆ ಬಂತು. ದಡದಿಂದ ನೋಡಿದರೆ ಎಲ್ಲವೂ ಸಲೀಸು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಗುಡ್ಡಗಳ ತಲೆಗಳೇ ಈಗ ನಡುಗಡ್ಡೆಗಳು. ಒಂದರ ಹಿಂದೆ ಒಂದು ಸಾಲಾಗಿ ನಿಂತು ಅವೇ ಗಾಳಿ ತಡೆಯುವುದರಿಂದ ನಡುವಿನ ನೀರು ತಟ್ಟೆಯಲ್ಲಿಟ್ಟ ಹಾಗೆ ಇರುತ್ತದೆ. ಆದರೆ ಅಡಿಯಲ್ಲಿ — ಅಣೆಕಟ್ಟು ಕಟ್ಟುವಾಗ ಕಡಿದ ಮರಗಳ ಬುಡಗಳು ಹಾಗೆಯೇ ಇವೆ. ಮೂರು ಸಲ ಹೊರಟೆ. ಮೂರು ಸಲವೂ ನೀರೊಳಗೆ ತಿರುಗುವ ಎಂಜಿನ್ನಿನ ಫ್ಯಾನನ್ನು ಬುಡಕ್ಕೆ ಬಡಿಸಿ ಮುರಿದುಕೊಂಡು, ಹುಟ್ಟು ಹಾಕುತ್ತ ವಾಪಸು ಬಂದೆ. ಅಧಿಕಾರಿಗಳು ಬಂದು ನೋಡಿ ಒಪ್ಪಿಗೆ ಕೊಡುವುದಕ್ಕೆ ಇನ್ನು ಹತ್ತು ದಿನವಿತ್ತು.

ಮೂರನೆಯ ಸಲ ಬಂದಾಗ ದಡದಲ್ಲಿ ದ್ಯಾವಮ್ಮ ನಿಂತಿದ್ದರು. ಶೆಟ್ಟಿಕೊಪ್ಪದ ಕಡೆ ತೋಟದ ಕೂಲಿಗೆ ಹೋಗುತ್ತಿದ್ದವರು, ಆಗಲೇ ಅರವತ್ತೈದು ದಾಟಿದ್ದ ಹೆಂಗಸು. ನನ್ನ ಅವತಾರ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು.

“ಎಂತ ಮಾರಾಯ, ರಸ್ತೆ ಬಿಟ್ಟು ಕಾಡೊಳಗೆ ಗಾಡಿ ಹೊಡೆದ್ರೆ ಅಚ್ಚು ಮುರೀದೆ ಇರ್ತದಾ?”

ನನಗೆ ಸಿಟ್ಟು ಬಂತು. ನೀರಿನಲ್ಲಿ ಎಲ್ಲಿಯ ರಸ್ತೆ ಎಂದೆ. ಅವರು ಕೈ ಚಾಚಿ ತೋರಿಸಿದರು. “ಅಕಾ, ಅಲ್ಲಿ. ನಮ್ಮ ಮತ್ತಿಸರದ ಗಾಡಿ ರಸ್ತೆ.”

ಮತ್ತಿಸರ ಅವರು ಹುಟ್ಟಿದ ಊರು. ಅವರಿಗೆ ಹನ್ನೆರಡು ವರ್ಷವಾಗಿದ್ದಾಗ ನೀರಿನ ಅಡಿಗೆ ಹೋಯಿತು. ರಸ್ತೆಯ ಮೇಲೆ ಮರ ಬೆಳೆಯುವುದಿಲ್ಲ, ಮರವಿಲ್ಲದ ಮೇಲೆ ಬುಡವೂ ಇರುವುದಿಲ್ಲ. ಇಷ್ಟು ಸಣ್ಣ ಮಾತು ನನ್ನ ಮೆಕ್ಯಾನಿಕ್ ತಲೆಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅವರನ್ನು ದೋಣಿಯ ಮುಂದುಗಡೆ ಕೂರಿಸಿಕೊಂಡು ಹೊರಟೆ. ಎಲೆ-ಅಡಿಕೆ ಹಾಕಿಕೊಂಡು, ಬೆನ್ನು ನೇರ ಮಾಡಿ ಕೂತರು. “ದೋಣಿ ಅಂತ ತಿಳ್ಕಬೇಡ, ಗಾಡಿ ಅಂತ ತಿಳ್ಕ. ಎತ್ತು ಏರು ಹತ್ತಕ್ಕೆ ಒಪ್ಪಲ್ಲ. ಹಂಗಾಗಿ ರಸ್ತೆ ಗುಡ್ಡ ಬಳಸ್ಕಂಡೇ ಹೋಗ್ತದೆ.”

ಆ ದಿನವನ್ನು ಹೇಗೆ ಹೇಳಲಿ! ಬೋಳುಗುಡ್ಡದ ಎಡಕ್ಕೆ, ಹುಣಸೆಗುಡ್ಡದ ಬಲಕ್ಕೆ, ಎರಡು ಗುಡ್ಡ ಕೂಡುವಲ್ಲಿ ನಿಧಾನ — ಅಲ್ಲಿ ಅವರ ಅಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದರಂತೆ. ಹದಿನಾಲ್ಕು ನಡುಗಡ್ಡೆಗಳು ಒಂದೊಂದಾಗಿ ಹಿಂದೆ ಸರಿದವು. ಬಿಳಿ ಹಕ್ಕಿಗಳು ತಲೆಯ ಮೇಲೆ ಕೂಗಿದವು. ಅಡಿಯಲ್ಲಿ ಒಂದೇ ಒಂದು ಸಲವೂ ‘ಟಕ್’ ಎನ್ನಲಿಲ್ಲ. ಆಚೆ ದಡ ಮುಟ್ಟಿದಾಗ ನಾನು ಕೂಗಿದ ಕೂಗಿಗೆ ಗುಡ್ಡಗಳೆಲ್ಲ ಓಗೊಟ್ಟವು. ನನ್ನ ಬದುಕಿನಲ್ಲಿ ಅಂಥ ಗೆಲುವು ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬಂದಿಲ್ಲ. ದ್ಯಾವಮ್ಮನೂ ಕೈ ತಟ್ಟಿ ನಕ್ಕರು, ಹನ್ನೆರಡರ ಹುಡುಗಿಯೇ ಆಗಿಬಿಟ್ಟಿದ್ದರು.

ಇಳಿಯುವಾಗ ಒಂದೇ ಒಂದು ಮಾತು ಕೇಳಿದರು. “ಯಾರಾದ್ರೂ ಕೇಳಿದ್ರೆ ಇದು ಮತ್ತಿಸರದ ರಸ್ತೆ ಅಂತ ಹೇಳು ಮಾರಾಯ. ಅಷ್ಟು ಸಾಕು ನಂಗೆ.”

ಹೇಳುತ್ತೇನೆ ಎಂದೆ.

ಹತ್ತನೆಯ ದಿನ ಅಧಿಕಾರಿಗಳು ಬಂದರು. ಎತ್ತು ಹೊಡೆದ ಹಾಗೆ ದೋಣಿ ಹೊಡೆದೆ. ಹದಿನಾಲ್ಕು ನಡುಗಡ್ಡೆ ಸುತ್ತಿಸಿ, ಕೂದಲು ಕೊಂಕದಂತೆ ಅವರನ್ನು ದಡಕ್ಕೆ ತಂದೆ. ಜನ ಚಪ್ಪಾಳೆ ತಟ್ಟಿದರು, ಯಾರೋ ಹಾರ ಹಾಕಿದರು. ದೊಡ್ಡ ಸಾಹೇಬರು ಬೆನ್ನು ಚಪ್ಪರಿಸಿ, “ಇಂಥಾ ದಾರಿ ಯಾರ್ರೀ ಹುಡುಕಿದ್ದು?” ಎಂದು ಕೇಳಿದರು.

“ನಾನೇ ಸಾರ್.”

ಎರಡೇ ಮಾತು. ಯಾರೂ ನನ್ನ ಕತ್ತು ಹಿಸುಕಿ ಹೇಳಿಸಿದ್ದಲ್ಲ. ಬಾಯಿ ತೆರೆದಾಗ ಏನು ಹೇಳುತ್ತೇನೆಂದು ನನಗೆ ಗೊತ್ತಿತ್ತು. ಜನರ ನಡುವೆ ದ್ಯಾವಮ್ಮನೂ ಇದ್ದರು. ಅವರು ಕೇಳಿಸಿಕೊಂಡರು ಎಂಬುದೂ ಗೊತ್ತು — ತಟ್ಟುತ್ತಿದ್ದ ಕೈ ಕೆಳಗಿಳಿಯಿತು. ಆಮೇಲೆ ಅವರು ದಡದ ಕಡೆ ಬರಲಿಲ್ಲ. ನಾನು ಹುಡುಕಿಕೊಂಡು ಹೋಗಲೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ ಒಂಬತ್ತು ವರ್ಷ ಕುಡಿದೆ. ಬಿದಿರು ಗಳ ಇಳಿಸಿ ತಿಂಗಳುಗಟ್ಟಲೆ ಆಳ ನೋಡಿದೆ ಎಂದು ಪ್ರತಿ ಟ್ರಿಪ್ಪಿನಲ್ಲೂ ಕಥೆ ಕಟ್ಟಿದೆ. ಹೇಳಿ ಹೇಳಿ ಕೆಲವೊಮ್ಮೆ ನಾನೇ ಅದನ್ನು ನಂಬುತ್ತಿದ್ದೆ...

ಕಳೆದ ಭಾನುವಾರ ಅವರ ಮನೆಗೆ ಹೋದೆ. ಏಕೆ ಅಂದೇ ಹೋದೆನೋ — ಪ್ರಯಾಣಿಕರ ಮುಂದೆ ಆ ಕಥೆ ಹೇಳುತ್ತಿದ್ದಾಗ ನಡುವೆಯೇ ಮಾತು ನಿಂತುಹೋಗಿತ್ತು, ಅಷ್ಟೇ. ಜಗಲಿಯಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಬೈಯಲಿ ಎಂದು ಕಾದೆ. ಅವರು ನನ್ನ ವಿಷಯವನ್ನೇ ಎತ್ತಲಿಲ್ಲ.

“ಅಲ್ಲ ಕಿಟ್ಟಪ್ಪ, ಇಷ್ಟು ವರ್ಷ ಬಂದ ಜನಕ್ಕೆ ಅಡಿಗೆ ಒಂದು ಊರಿದೆ ಅಂತ ಗೊತ್ತೇ ಆಗ್ಲಿಲ್ವ?”

ಇಲ್ಲ ಎಂದೆ. ನಾನು ಕದ್ದದ್ದು ಒಂದು ಹೆಸರು ಮಾತ್ರ ಎಂದುಕೊಂಡಿದ್ದೆ. ಆ ಊರನ್ನು ಮೊದಲ ಸಲ ಮುಳುಗಿಸಿದ್ದು ನೀರು, ಎರಡನೆಯ ಸಲ ಮುಳುಗಿಸಿದ್ದು ನಾನು.

ಅವರು ರಸ್ತೆಯ ಎರಡೂ ಬದಿಯ ಮನೆಗಳ ಹೆಸರು ಹೇಳತೊಡಗಿದರು. ಇಪ್ಪತ್ತಮೂರು ಮನೆ. ಬಾಯಿಪಾಠ ಮಾಡುತ್ತಿದ್ದೇನೆ, ಇನ್ನೂ ಎರಡು ಅದಲುಬದಲಾಗುತ್ತವೆ. ಬೋರ್ಡನ್ನು ಇವತ್ತು ಕಿತ್ತೆ. ನಾಳೆ ಮೊದಲ ಟ್ರಿಪ್ಪಿನಲ್ಲಿ ಯಾರಾದರೂ ಈ ದಾರಿ ಹುಡುಕಿದ್ದು ಯಾರು ಎಂದು ಕೇಳಿದರೆ — ಕೇಳದಿದ್ದರೂ — ಹೇಳುತ್ತೇನೆ: ಯಾರೂ ಹುಡುಕಲಿಲ್ಲ ಸ್ವಾಮಿ. ಇಲ್ಲಿ ಜನ ಓಡಾಡುತ್ತಿದ್ದರು.