ನೊಗ್ಲಿ ಎಂದವನು

ವಿಶ್ವವಿದ್ಯಾಲಯಗಳ ಟಿವಿ ಕ್ವಿಜ್‌ನಲ್ಲಿ ನಮ್ಮ ತಂಡದ ನಾಯಕನಾಗಿದ್ದವನು ಕುಮಟೆಯಲ್ಲಿ ಮೀನು ಮಾರುವವರ ಮಗ. ಉತ್ತರ ಹೇಳುವ ಮೊದಲು ಕಿವಿಯ ಹಾಲೆ ಎಳೆದುಕೊಳ್ಳುತ್ತಿದ್ದ. ನಾವು ಅನುಮಾನಿಸಿದರೆ, "ಗೊತ್ತಿದ್ದದ್ದು ಹೇಳುಕೆ ಎಂತ ಹೆದ್ರಿಕೆ ಮಾರಾಯಾ?" ಎನ್ನುತ್ತಿದ್ದ. ಆ ಧೈರ್ಯದಲ್ಲೇ ನಾವು ಸೆಮಿಫೈನಲ್ ಮುಟ್ಟಿದ್ದು.

ಅಲ್ಲಿ ಅಂಕ ಸಮವಾಗಿ, ಕೊನೆಯ ಪ್ರಶ್ನೆಗೆ ಪರದೆಯ ಮೇಲೆ ಒಂದು ಮೀನು ಬಂತು; ಅದರ ಹೆಸರು ಹೇಳಬೇಕಿತ್ತು. ಅವನು ಕಿವಿಯನ್ನೂ ಮುಟ್ಟದೆ "ನೊಗ್ಲಿ" ಎಂದ. ನಿರೂಪಕರು ಚೀಟಿ ನೋಡಿ, "ತಪ್ಪು. ಇದು ಕಾಣೆ ಮೀನು" ಎಂದರು. ಮಂಗಳೂರಿನವರ ಕಾಣೆಯೇ ನಮ್ಮ ಕುಮಟೆ-ಹೊನ್ನಾವರ ಕಡೆಯ ನೊಗ್ಲಿ. ಹೊನ್ನಾವರದವನಾದ ನನಗೂ ಅದು ಗೊತ್ತಿತ್ತು. ಆಕ್ಷೇಪಿಸಲು ಎದ್ದು ನಿಂತಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ಆದರೆ ಎದ್ದು ಏನು ಹೇಳಿದೆ ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಬಹುಶಃ ಕೂತೇ ಇದ್ದೆ. ಸೋತೆವು.

ಪ್ರಸಾರವಾದ ಮರುದಿನ ಅವನ ಜೊತೆ ಕುಮಟೆಯ ಮೀನುಪೇಟೆಗೆ ಹೋದೆ. ಅವನ ತಾಯಿ ಬುಟ್ಟಿಯ ಮುಂದೆ ಕೂತು, "ಕಾಣೆ ಬಂತು, ಕಾಣೆ!" ಎಂದು ಕೂಗುತ್ತಿದ್ದರು.

ಪಕ್ಕದವಳು ನಕ್ಕಳು. "ನಿಂಗೆ ಎಂತ ಆತೇ? ನೊಗ್ಲಿಗೆ ಹೊಸ ನಾಮಕರಣವಾ?"

"ಅವ್ವಾ, ನೊಗ್ಲಿ ಅಂದ್ರೂ ಸರಿಯೇ," ಎಂದ ಅವನು.

ಅವರು ತಲೆ ಎತ್ತಲಿಲ್ಲ. "ಟಿವಿಲೇ ಹೇಳಿದ್ರಲ್ಲಾ ತಮಾ. ನಾನೇ ನಿಂಗೆ ತಪ್ಪು ಕಲ್ಸಿದೆ."