ಅಕ್ಕನ ಸಾಲು

ಅವಳನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ತಂಗಿಗೆ ಅಕ್ಕ, ತಂಗಿ ಕರೆಯುವುದನ್ನು ಕೇಳಿ ಕೇಳಿ ಬೀದಿಗೂ ಅಕ್ಕ, ಕೊನೆಗೆ ಉದ್ಯಾನದ ಕಾವಲುಗಾರನಿಗೂ, ವೈರು ಮಾರುವ ಅಂಗಡಿಯವನಿಗೂ, ಅವಳಿಗಿಂತ ಎಷ್ಟೋ ದೊಡ್ಡವರಾದ ಉದ್ಯಾನದ ಮ್ಯಾನೇಜರರಿಗೂ ಅಕ್ಕ. "ನೀವು ಹುಟ್ಟಿದಾಗ ನಮ್ಮಮ್ಮ ಇನ್ನೂ ಫ್ರಾಕು ಹಾಕ್ತಿದ್ಳು ಸಾರ್" ಎಂದು ಅವಳು ರೇಗಿಸಿದರೆ ಮ್ಯಾನೇಜರರು ನಕ್ಕು, "ಆದ್ರೂ ನೀವು ಅಕ್ಕಾನೇ" ಎನ್ನುತ್ತಿದ್ದರು.

ವರ್ಷದ ಕೊನೆಯ ರಜೆ ಬಂತೆಂದರೆ ಆ ದೊಡ್ಡ ಉದ್ಯಾನದಲ್ಲಿ ದೀಪಗಳು ಕುಣಿಯುತ್ತವೆ. ಬಾಗಿಲಿನ ಕಮಾನು, ಮಧ್ಯದ ದೊಡ್ಡ ಮರ, ತಂತಿಯಿಂದ ಕಟ್ಟಿದ ಜಿಂಕೆಗಳು, ಕೊಳದ ಸುತ್ತಿನ ಕಟ್ಟೆ, ಎಲ್ಲವೂ ಹಾಡಿಗೆ ತಕ್ಕಂತೆ ಹೊತ್ತಿ ಆರುತ್ತವೆ. ನೋಡುವವರು ದೀಪಗಳು ತಾವೇ ಕುಣಿಯುತ್ತಿವೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಪಾಪ. ಯಾವ ಸರ ಯಾವ ಗಳಿಗೆಗೆ ಹೊತ್ತಬೇಕು, ಯಾವಾಗ ಆರಬೇಕು ಎಂದು ಒಂದೊಂದಕ್ಕೂ ಯಾರೋ ಕೂತು ಹೇಳಿಕೊಡಬೇಕು. ಹಾಗೆ ಹೇಳಿಕೊಡುವವಳು ಅಕ್ಕ.

ಅವಳು ಈ ಕಸುಬಿಗೆ ಬಂದದ್ದು ಗಂಟು ಬಿಡಿಸುತ್ತಾ. ದೀಪದ ಸರಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಹುಡುಗಿಯಾಗಿದ್ದಾಗ ಸೇರಿಕೊಂಡಳು. ಗಿರಾಕಿಗಳು ಕೊಡುವಾಗ ನೆಟ್ಟಗಿದ್ದ ಸರವನ್ನು ವಾಪಸು ತರುವಾಗ ಹಕ್ಕಿಗೂಡು ಮಾಡಿ ತರುತ್ತಿದ್ದರು. ಅದನ್ನು ಬೈಯದೆ, ಕತ್ತರಿ ಹಾಕದೆ ಬಿಡಿಸುವ ತಾಳ್ಮೆ ಅಂಗಡಿಯಲ್ಲಿ ಅವಳೊಬ್ಬಳಿಗೇ ಇತ್ತು. ಮುಂದೆ ಕಂಪ್ಯೂಟರ್ ಬಂದಾಗ ಮಾಲೀಕ ಅದನ್ನು ಅವಳ ಮುಂದೆ ತಳ್ಳಿ, "ಇದೂ ಒಂದು ಗಂಟೇ ನೋಡಮ್ಮ" ಅಂದ. ಮಾತು ಸುಳ್ಳಾಗಿರಲಿಲ್ಲ.

ಪರದೆಯ ಎಡಗಡೆ ಮೇಲಿಂದ ಕೆಳಗೆ ಚಾನೆಲ್‌ಗಳು. ಒಂದೊಂದು ಚಾನೆಲ್ ಎಂದರೆ ಒಂದೊಂದು ದೀಪದ ಸರ. ಬಲಗಡೆಗೆ ಸಮಯ ಚೌಕ ಚೌಕವಾಗಿ ಉದ್ದಕ್ಕೆ ಓಡುತ್ತದೆ. ಯಾವ ಚೌಕ ತುಂಬಿದೆಯೋ ಆ ಗಳಿಗೆಗೆ ಆ ಸರ ಬೆಳಗುತ್ತದೆ. ಕೇಳಲು ಇಷ್ಟೇ. ಆದರೆ ಮರ ಹತ್ತಿದ ಎಲೆಕ್ಟ್ರಿಷಿಯನ್ ಕೈಗೆ ಎಟುಕಿದ ಕಡೆ ವೈರು ಸಿಕ್ಕಿಸಿ ಇಳಿಯುತ್ತಾನೆ. ಅವನು ಸಿಕ್ಕಿಸಿದ ಕ್ರಮದಲ್ಲೇ ಬಿಟ್ಟರೆ ಮೊದಲ ಸಾಲು ಮರದ ತುದಿ, ಎರಡನೆಯದು ಕೊಳದ ಆಚೆ ದಡ, ಮೂರನೆಯದು ಬಾಗಿಲು. ಬೆಳಕು ಬಾಗಿಲಿಂದ ಕೊಳಕ್ಕೆ ಹರಿಯಬೇಕು ಎಂದರೆ ಅದು ಕಪ್ಪೆಯ ಹಾಗೆ ಅಲ್ಲಿಂದಿಲ್ಲಿಗೆ ನೆಗೆಯುತ್ತದೆ. ಅದಕ್ಕೇ ಅಕ್ಕ ಒಂದು ಚೌಕವನ್ನೂ ಮುಟ್ಟುವ ಮೊದಲು ಸಾಲು ಕೂರಿಸುತ್ತಿದ್ದಳು.

ಅವಳ ಸಾಲು ವೈರಿನ ಸಾಲಲ್ಲ, ಕಣ್ಣಿನ ಸಾಲು. ದೀಪ ಕಟ್ಟುವ ಮೊದಲು ಉದ್ಯಾನದ ಬೆಂಚಿನ ಮೇಲೆ ಮೂರು ದಿನ ಸಂಜೆಯೆಲ್ಲಾ ಕೂತು ಒಳಗೆ ಬರುವವರನ್ನು ನೋಡುತ್ತಿದ್ದಳು. ಜನ ಬಾಗಿಲು ದಾಟಿದ ಕೂಡಲೇ ಕಮಾನು ನೋಡುವುದಿಲ್ಲ, ಮರದ ನೆತ್ತಿ ನೋಡುತ್ತಾರೆ. ಆಮೇಲೆ ಪಕ್ಕದಲ್ಲಿರುವವರ ಮುಖ, ಆಮೇಲೆ ನೀರು. ಮನೆಗೆ ಬಂದು ಚಾನೆಲ್‌ಗಳನ್ನು ಅದೇ ಕ್ರಮದಲ್ಲಿ ಮೇಲೆ ಕೆಳಗೆ ಎಳೆದು ಕೂರಿಸುವಳು. ಮೂರು ದಿನ ಕೂತು ನೋಡುವುದೂ ಒಂದು ಕೆಲಸವೇ ಎಂದು ಮೂಗು ಮುರಿದವರಿದ್ದರು. ಅವರು ಕುಣಿಸಿದ ದೀಪವನ್ನು ಅವರ ಮನೆಯವರೇ ನೋಡಲಿಲ್ಲ.

ಇನ್ನು ಅವಳು ಚಾನೆಲ್‌ಗಳಿಗೆ ಇಟ್ಟ ಹೆಸರುಗಳು! ಜೋಡಿ ಬಳೆ ದೀಪಕ್ಕೆ 'ಅಜ್ಜಿ ಕನ್ನಡಕ'. ಕೊಳದ ನಡುವಿನ ದುಂಡು ದೀಪಕ್ಕೆ 'ದೊಡ್ಡಪ್ಪನ ಬೋಳುತಲೆ'. ಕಾರಣವಿಲ್ಲದೆ ಪಟಪಟ ಮಿಣುಕುವ ಸರಕ್ಕೆ 'ಸೋದರತ್ತೆ'. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದಕ್ಕೆ 'ಮಾವನ ಗೊರಕೆ'. ಪರದೆ ತೆರೆದರೆ ಬಂಧುಬಳಗವೆಲ್ಲ ಒಟ್ಟಿಗೆ ಕೂತು ಹರಟುವ ಹಾಗಿರುತ್ತಿತ್ತು. ಹೊರಗಿನವರು ನೋಡಿದರೆ ತಲೆಬುಡ ತಿಳಿಯುತ್ತಿರಲಿಲ್ಲ.

ತಿಳಿಯುತ್ತಿದ್ದದ್ದು ತಂಗಿಗೆ ಮಾತ್ರ, ಅದೂ ಅರೆಬರೆ. ತಾಯಿ ತೀರಿಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ತಂಗಿಯನ್ನು ಓದಿಸಿದ್ದು, ಬೆಳೆಸಿದ್ದು, ಹಟ ಮಾಡಿದಾಗ ಬೆನ್ನಿಗೆರಡು ಕೊಟ್ಟು ಆಮೇಲೆ ತಾನೇ ಅತ್ತದ್ದು, ಎಲ್ಲ ಅಕ್ಕನೇ. ಅಕ್ಕನಿಗೆ ಕೈ, ತಂಗಿಗೆ ಬಾಯಿ. ಹಾಗೇ ನಡೆದುಕೊಂಡು ಬಂದಿತ್ತು. ಅಕ್ಕ ಅಂಗಡಿ ಬಿಟ್ಟು ಸ್ವಂತಕ್ಕೆ ಕೆಲಸ ಹಿಡಿದ ಮೇಲೆ ಗಿರಾಕಿಗಳ ಹತ್ತಿರ ಮಾತಾಡುವುದು, ಅವರನ್ನು ಒಪ್ಪಿಸುವುದು ತಂಗಿ. ಪರದೆಯ ಮುಂದೆ ಕೂರುವುದು ಅಕ್ಕ. ಮಾತಾಡಲು ಹೋದರೆ ಅಕ್ಕನ ನಾಲಿಗೆ ಬಾಯೊಳಗೇ ಗಂಟು ಹಾಕಿಕೊಳ್ಳುತ್ತಿತ್ತು. ಆ ಗಂಟನ್ನು ಬಿಡಿಸಲು ಮಾತ್ರ ಅವಳಿಗೆ ಬರಲಿಲ್ಲ.

ಒಂದು ವರ್ಷ ಉದ್ಯಾನದ ಕೆಲಸ ಇನ್ನೂ ದೂರವಿರುವಾಗಲೇ ತಂಗಿ ಒಂದು ಮಾತು ತೆಗೆದಳು.

"ಅಕ್ಕ, ನಾಳೆ ನಿನಗೆ ಜ್ವರಗಿರ ಬಂದು ಮಲಗಿದ್ರೆ ನಾನೇನ್ ಮಾಡ್ಲಿ? ನಿನ್ನ ಪರದೆ ಮುಂದೆ ಕೂತ್ರೆ ಯಾರದೋ ಮನೆ ಮದುವೆಗೆ ಬಂದ ಹಾಗಾಗತ್ತೆ. ಎಲ್ರಿಗೂ ಅರ್ಥ ಆಗೋ ಹೆಸರು ಇಡು. ಗುಂಪು ಗುಂಪಾಗಿ ಜೋಡಿಸು. ನನಗೂ ಕಲಿಸು."

ಎಲ್ಲರಿಗೂ ಎಂದರೆ ಯಾರು? ಮನೆಯಲ್ಲಿದ್ದದ್ದು ಇಬ್ಬರು. ಅಕ್ಕ ಕೇಳಲಿಲ್ಲ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜಾತಿಯವಳು ಅವಳು. ಮೇಲಾಗಿ, ತಂಗಿ ತಾನಾಗಿ ಬಂದು ಕಲಿಸು ಅಂದದ್ದು ಅದೇ ಮೊದಲು. ಖುಷಿಗೆ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನವೂ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜಿ ಕನ್ನಡಕವನ್ನು 'ಬಾಗಿಲು, ಜೋಡಿ ಬಳೆ' ಮಾಡಿದಳು. ಸೋದರತ್ತೆಯನ್ನು 'ಮರ, ಕೆಳಕೊಂಬೆ, ಮಿಣುಕು' ಮಾಡಿದಳು. ಬಾಗಿಲಿನದೆಲ್ಲ ಒಂದು ಗುಂಪು, ಮರದ್ದೊಂದು, ನೀರಿನದೊಂದು. ಯಾವುದು ಯಾಕೆ ಯಾವುದರ ಕೆಳಗೆ ಬರಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದಳು. ತಂಗಿ ಹೂಂಗುಟ್ಟುತ್ತಾ ಒಮ್ಮೊಮ್ಮೆ, "ಇದನ್ನ ಇನ್ನೂ ಸುಲಭ ಮಾಡು" ಅನ್ನುವಳು. ಅಕ್ಕ ಮಾಡುವಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವವರನ್ನು ನೋಡಿದ್ದೇವೆ. ಆ ಕಲ್ಲನ್ನು ಉಜ್ಜಿ, ತೊಳೆದು, ನುಣುಪು ಮಾಡಿ ಹಾಕಿಕೊಂಡವಳು ಇವಳೊಬ್ಬಳೇ.

ಮರಕ್ಕೆ ಏಣಿ ಬರುವ ಹೊತ್ತಾಯಿತೆಂದು ಅಕ್ಕ ಉದ್ಯಾನದ ಕಚೇರಿಗೆ ಹೋದಳು. ಮ್ಯಾನೇಜರರು ಕುರ್ಚಿ ಕೊಟ್ಟು, ಟೀ ತರಿಸಿ, ಆಮೇಲೆ ಆಶ್ಚರ್ಯಪಟ್ಟರು.

"ಈ ಸಲ ದೀಪದ ಕೆಲಸ ಒಂದು ದೊಡ್ಡ ಕಂಪನಿಗೆ ಕೊಟ್ವಲ್ಲ ಅಕ್ಕ! ನಿಮ್ಮ ತಂಗೀನೇ ಅಲ್ವಾ ಅಲ್ಲಿ ದೀಪದ ಉಸ್ತುವಾರಿ? ಅವರೇ ಬಂದು ಎಲ್ಲಾ ತೋರಿಸಿದ್ರು. ಎಷ್ಟು ಚೆನ್ನಾಗಿ ಜೋಡಿಸಿದಾರೆ ಅಂತೀರಿ, ನನ್ನಂಥವನಿಗೂ ಅರ್ಥ ಆಯ್ತು. ಮನೇಲಿ ಹೇಳಿಲ್ವಾ?"

ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಆದರೂ ತಂಗಿಯ ಮಾನ ಹೋಗಬಾರದಲ್ಲ.

"ಹೇಳಿದ್ಳು ಸಾರ್. ನಾನೇ ಮರ್ತೆ" ಅಂದಳು.

ಟೀ ಪೂರ್ತಿ ಕುಡಿದಳು. ಬೀದಿಗೆ ಬಂದ ಮೇಲೆ ಮನೆಯ ಕಡೆ ಬಿರಬಿರನೆ ನಡೆದಳು. ಹೊರಗಿನವರು ಕದ್ದಿದ್ದರೆ ಕಳ್ಳ ಎಂದು ಕೂಗಬಹುದಿತ್ತು. ಪಕ್ಕದಲ್ಲಿ ಕೂತು, ತನ್ನ ತಟ್ಟೆಯಲ್ಲೇ ಉಂಡು, ಇನ್ನೂ ಸುಲಭ ಮಾಡು ಎಂದು ಕೇಳಿ ಪಡೆದುಕೊಂಡವಳನ್ನು ಏನೆಂದು ಕೂಗುವುದು?

ಅಡುಗೆಮನೆಯಲ್ಲಿ ತಂಗಿ ಪಾತ್ರೆ ಒರೆಸುತ್ತಿದ್ದಳು. ಅಕ್ಕನ ಮುಖ ನೋಡಿದವಳೇ ಬಟ್ಟೆ ಕೆಳಗಿಟ್ಟಳು.

"ಹೇಳ್ಬೇಕು ಅಂತಾನೇ ಇದ್ದೆ ಅಕ್ಕ. ಎಷ್ಟು ವರ್ಷ ಅಂತ ಹೀಗೇ ಮನೆ ಮನೆ ಬಾಗಿಲು ತಟ್ಟಲಿ? ಅಲ್ಲಿ ನನಗೊಂದು ಮೇಜಿದೆ, ಕುರ್ಚಿಯಿದೆ, ನನ್ನ ಕೆಳಗೆ ಜನ ಇದಾರೆ."

"ನನ್ನ ಸಾಲು?"

"ಅದು ನಮ್ಮಿಬ್ರದೂ ಅಲ್ವಾ?"

ಅಕ್ಕ ಕೂಗಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ.

"ಕೆಲಸ ಇಟ್ಕೋ. ಮೇಜು ಕುರ್ಚಿ ಎಲ್ಲಾ ನಿನಗೇ ಇರ್ಲಿ. ನನಗೆ ಒಂದೇ ಒಂದು ಬೇಕು. ದೀಪ ಹಚ್ಚೋ ದಿನ ನಾಲ್ಕು ಜನರ ಮುಂದೆ, ಇದು ನಮ್ಮಕ್ಕ ಮಾಡಿದ್ದು ಅಂತ ಒಂದು ಮಾತು ಹೇಳು. ಸಾಕು."

"ಅಷ್ಟೇನಾ! ಹೇಳ್ತೀನಕ್ಕ. ಖಂಡಿತ ಹೇಳ್ತೀನಿ" ಎಂದು ತಂಗಿ ಅವಳ ಕೈ ಹಿಡಿದುಕೊಂಡಳು. ಕೈ ಇನ್ನೂ ಒದ್ದೆಯಾಗಿತ್ತು.

ದೀಪ ಹಚ್ಚುವ ಸಂಜೆ ಅಕ್ಕ ಒಳ್ಳೆಯ ಸೀರೆ ಉಟ್ಟು ಹೋದಳು. ತಂಗಿ ಹೆಸರು ಹೇಳಿ ಕರೆದಾಗ ಮುಂದೆ ಹೋಗಬೇಕಾದೀತು ಎಂದು ಕೂದಲನ್ನೂ ಎರಡು ಸಲ ಬಾಚಿದ್ದಳು. ಗುಂಪಿನ ಹಿಂದೆ, ಕಾವಲುಗಾರನ ಪಕ್ಕ ನಿಂತಳು. ಹಾಡು ಶುರುವಾಯಿತು. ಮರದ ನೆತ್ತಿ ಬೆಳಗಿತು, ಜನರ ಮುಖ ಬೆಳಗಿತು, ಬೆಳಕು ಕೊಂಬೆಯಿಂದ ಕೊಂಬೆಗೆ ಇಳಿದು ನೀರಿನ ಕಡೆ ಹೊರಟಿತು. ನಡುಗೊಂಬೆಗೆ ಬಂದಾಗ ಅರೆಗಳಿಗೆ ಕತ್ತಲಾಯಿತು. ಆಮೇಲೆ ಮತ್ತೆ ಹರಿದು ಕೊಳ ಸೇರಿತು.

ಆ ಅರೆಗಳಿಗೆಯ ಕಥೆ ಹೇಳಲೇಬೇಕು. ಈ ಉದ್ಯಾನದ ಕೆಲಸ ಸಿಕ್ಕಿದ ಮೊದಲ ವರ್ಷ, ದೀಪ ಹಚ್ಚಿ ನೋಡುವ ಸಂಜೆ, ನಡುಗೊಂಬೆಯ ಸರವೊಂದು ಸುಟ್ಟುಹೋಯಿತು. ಬದಲಿ ಸರ ಇರಲಿಲ್ಲ. ಅಕ್ಕ ಏಣಿಯ ಮೇಲೆ, ಎಲೆಗಳ ನಡುವೆ, ಸುಟ್ಟ ವೈರು ಹಿಡಿದು, "ಎಲ್ಲಾ ಹಾಳಾಯ್ತು ಅಮ್ಮ" ಎಂದು ಅಳುತ್ತಿದ್ದಳು. ಕೆಳಗೆ ಬೆಂಚಿನ ಮೇಲೆ ತಾಯಿ, ತಾಯಿಗೆ ಒರಗಿಕೊಂಡು ಶಾಲೆಯ ಚೀಲದೊಂದಿಗೆ ತಂಗಿ. ತಾಯಿ ಮೇಲೆ ನೋಡಿ, "ಹಾಳೇನೂ ಆಗಿಲ್ಲ. ಅಲ್ಲೊಂಚೂರು ಉಸಿರು ತಗೊಂಡು ಮುಂದೆ ಹೋಯ್ತು, ಅಷ್ಟೇ. ಮೆಟ್ಟಿಲು ಹತ್ತೋರು ತಗೊಳ್ಳಲ್ವಾ?" ಅಂದಿದ್ದಳು. ಅಂದಿನಿಂದ ಅಕ್ಕ ಪ್ರತಿ ವರ್ಷವೂ ಅಲ್ಲೊಂದು ಖಾಲಿ ಚಾನೆಲ್ ಇಡುತ್ತಿದ್ದಳು. ಅದಕ್ಕೆ ವೈರಿಲ್ಲ, ದೀಪವಿಲ್ಲ. 'ಉಸಿರು' ಎಂಬ ಹೆಸರು ಮಾತ್ರ. ಎಲ್ಲ ಹೆಸರು ಬದಲಾಯಿಸಿದಾಗಲೂ ಅದೊಂದನ್ನು ಬದಲಾಯಿಸಿರಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ನಿಂತ ಮೇಲೆ ತಂಗಿಯ ಕೈಗೆ ಮೈಕು ಬಂತು. ಅಕ್ಕ ಸೆರಗು ಸರಿಪಡಿಸಿಕೊಂಡಳು.

"ಬೆಳಕು ನಡುವೆ ಒಂದು ಕ್ಷಣ ನಿಂತಿದ್ದನ್ನ ನೋಡಿದ್ರಾ?" ಎಂದಳು ತಂಗಿ. "ಅದು ತಪ್ಪಲ್ಲ. ನಾನು ಚಿಕ್ಕವಳಿದ್ದಾಗ ಇದೇ ಬೆಂಚಿನ ಮೇಲೆ ನಾನೂ ನಮ್ಮಮ್ಮನೂ ಕೂತಿದ್ವಿ. ನಾವಿಬ್ರೇ. ಮರದಲ್ಲೊಂದು ದೀಪ ಹೊತ್ತಲಿಲ್ಲ. ನಮ್ಮಮ್ಮ ನನಗೆ ಹೇಳಿದ್ಳು, ನೋಡು ಮಗಳೇ, ಬೆಳಕು ಅಲ್ಲಿ ಉಸಿರು ತಗೊಳ್ತಾ ಇದೆ ಅಂತ. ಆವತ್ತೇ ನಾನು ಈ ಕೆಲಸಕ್ಕೆ ಬಂದೆ ಅನ್ನಿಸತ್ತೆ."

ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಅಕ್ಕ ಇನ್ನೂ ಕಾಯುತ್ತಿದ್ದಳು. ಈಗ ಹೇಳುತ್ತಾಳೆ. ಇದು ಪೀಠಿಕೆ, ಈಗ ಹೇಳುತ್ತಾಳೆ. ತಂಗಿ ಕಂಪನಿಯ ಯಜಮಾನರನ್ನು ನೆನೆದಳು, ಮ್ಯಾನೇಜರರನ್ನು ನೆನೆದಳು, ಮರ ಹತ್ತಿದ ಎಲೆಕ್ಟ್ರಿಷಿಯನ್‌ಗಳನ್ನು, ಕಾವಲುಗಾರನನ್ನು ಸಹ ಬಿಡಲಿಲ್ಲ. ಕಾವಲುಗಾರ ಹಲ್ಲು ಕಿರಿದು ಅಕ್ಕನ ಕಡೆ ತಿರುಗಿ, ಅವಳ ಮುಖ ನೋಡಿ, ಬಾಯಿ ಮುಚ್ಚಿಕೊಂಡ. ಮೈಕು ಬೇರೆಯವರ ಕೈಗೆ ಹೋಯಿತು.

ಬಾಗಿಲ ಹತ್ತಿರ ತಂಗಿ ಓಡಿಬಂದು ಹಿಡಿದಳು. ಮುಖ ಸಂತೋಷದಿಂದ ಕೆಂಪಾಗಿತ್ತು.

"ಹೇಗಿತ್ತು ಅಕ್ಕ? ಅಯ್ಯೋ, ನಿನ್ನ ಹೆಸರು! ಮೈಕ್ ಹಿಡಿದ್ರೆ ಎಲ್ಲಾ ಮರ್ತೇ ಹೋಗತ್ತೆ. ನಾಳೇನೂ ಇದೆಯಲ್ಲ, ನಾಳೆ ಹೇಳ್ತೀನಿ. ಬೇಜಾರು ಮಾಡ್ಕೋಬೇಡ."

"ಹೆಸರು ಹಾಳಾಗಿ ಹೋಗ್ಲಿ" ಎಂದಳು ಅಕ್ಕ. "ಬೇಕಾದ್ರೆ ಸಾಲೂ ನಿನ್ನದೇ ಅನ್ನು. ಅಮ್ಮನ ಮಾತಲ್ಲಿ ಯಾಕೆ ಸುಳ್ಳು ಹೇಳ್ದೆ?"

"ಏನು ಸುಳ್ಳು?"

"ನಾವಿಬ್ರೇ ಇದ್ವಿ ಅಂದ್ಯಲ್ಲ."

ತಂಗಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಅವಳನ್ನು ಎತ್ತಿ ಆಡಿಸಿದ ಅಕ್ಕನಿಗೆ ಅವಳ ಸುಳ್ಳು ಮುಖ ಚೆನ್ನಾಗಿ ಗೊತ್ತಿತ್ತು. ಇದು ಆ ಮುಖವಾಗಿರಲಿಲ್ಲ.

"ಯಾಕಕ್ಕ, ಆವತ್ತು ನೀನೂ ಇದ್ದ್ಯಾ?"

"ಮರದ ಮೇಲಿದ್ದೆ."

"ಹೌದಾ?" ಅಂದಳು ತಂಗಿ. ಆಮೇಲೆ ಗಿರಾಕಿಗಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಇರಬಹುದು ಬಿಡಕ್ಕ" ಅಂದಳು.